ಬಿಸಿಲಿಗೆ ಹಾಸಿಗೆ ಹಾಕದ ಬಡಾವಣೆ

ನಿನ್ನದೇ ಊರಿನಿಂದ,
ಮಾರ್ಚ್ ೧೪, ಗುರುವಾರ ಬೆಳಿಗ್ಗೆ

ನನ್ನ ಪ್ರೀತಿಯ ಕುರಿಮರಿಗೆ,

ಹೇಗಿದ್ದೀಯ? ದಿನವಿಡೀ ಬಗ್ಗಿ ಕೂತು ಕಂಡವರ ಕಟ್ಟುಹಲ್ಲು ತೀಡುವ ನಿನ್ನ ಕತ್ತುನೋವು ಈಗ ಹೇಗಿದೆ? ನಿನ್ನ ಹೆಂಡತಿಗೆ ಹೆರಿಗೆಯ ಸುಸ್ತು ಇಳಿಯಿತಾ, ಸ್ವಲ್ಪವಾದರೂ ನಿದ್ದೆ ಸಿಗುತ್ತಿದೆಯಾ? ನಿನ್ನ ಅತ್ತೆಯವರ ಮಂಡಿ ಹೇಗಿದೆ? ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂದುಕೊಂಡಿದ್ದೇನೆ. ಅಮ್ಮನೂ ನಾನೂ ಗಟ್ಟಿಮುಟ್ಟಾಗಿದ್ದೇವೆ. ಕುಶಲ ವಿಚಾರಿಸುವುದು ಇಲ್ಲಿಗೆ ಮುಗಿಯಿತು. ಇನ್ನು ಮುಂದೆ ಇರುವುದೆಲ್ಲ ಬೈಗುಳ. ಕೂತುಕೊಂಡು ಓದು.

ಒಂದೇ ಊರಿನಲ್ಲಿದ್ದುಕೊಂಡು ಒಡಹುಟ್ಟಿದವನಿಗೆ ಕಾಗದ ಬರೆಯುವ ಗತಿ ಯಾರಿಗೆ ಬರುತ್ತದೆ ಹೇಳು? ನನಗೆ ಬಂದಿದೆ. ಫೋನು ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ "ಆಮೇಲೆ ಮಾಡ್ತೀನಿ ಅಕ್ಕಾ, ಕೈಯಲ್ಲಿ ಕೆಲಸ ಇದೆ" ಅನ್ನುತ್ತೀಯ. ಆ ಆಮೇಲೆ ಎನ್ನುವುದು ಇವತ್ತಿನವರೆಗೂ ಬಂದಿಲ್ಲ. ಕಾಗದವನ್ನಾದರೆ ನಡುವೆ ಕಟ್ ಮಾಡಿ ಜೇಬಿಗೆ ಹಾಕಿಕೊಳ್ಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಚಿಕ್ಕವನಿದ್ದಾಗಿನಿಂದ ಆಡಿಕೊಂಡವನು ನೀನು. ಈ ಸಲ ಅದು ಮೂಗು ದಾಟಿ ನೆತ್ತಿಗೇರಿದೆ. ಹತ್ತಿ ರಾಶಿಯಲ್ಲಿ ಹೊರಳಾಡಿ ಬೆಳ್ಳಗೆ ಎದ್ದು ಬರುತ್ತಿದ್ದೆ ಎಂದು ಅಮ್ಮ ನಿನಗೆ ಇಟ್ಟ ಹೆಸರನ್ನೇ ಮೇಲೆ ಬರೆದಿದ್ದೇನೆ. ಬೇರೆ ಹೆಸರುಗಳೂ ಬಾಯಿಗೆ ಬಂದವು. ಅಮ್ಮ ಪಕ್ಕದಲ್ಲೇ ಇದ್ದಾಳೆ ಎಂದು ನುಂಗಿಕೊಂಡೆ.

ಮಗು ಹುಟ್ಟಿದ ಸುದ್ದಿ ಬಂದ ದಿನವೇ ಅಮ್ಮ ಹೊರಟು ನಿಂತಳು. ಹಾಸ್ಟೆಲ್ಲಿನವರು ಹೊಲಿಯಲು ಕೊಟ್ಟ ಹಾಸಿಗೆಗಳು ನಮ್ಮ ಅಂಗಡಿ ತುಂಬ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು. ಅವನ್ನು ಹೊಲಿದು ಮುಗಿಸಿಯೇ ಹೋಗೋಣ ಎಂದೆ. "ಹಾಸ್ಟೆಲ್ ಹುಡುಗರು ಇನ್ನೊಂದಷ್ಟು ದಿನ ಚಾಪೆ ಮೇಲೆ ಮಲಗಲಿ, ಸಾಯಲ್ಲ" ಎಂದಳು. ಗಿರಾಕಿಗೆ ಒಂದು ದಿನ ತಡವಾದರೆ ಅನ್ನ ಸೇರದ ಅಮ್ಮ ಇವಳೇನಾ ಎಂದು ನೋಡುತ್ತಾ ನಿಂತೆ. ಆಗ ನೀನು ಫೋನು ಮಾಡಿ ಏನೆಂದೆ, ನೆನಪಿದೆಯಾ? "ಅಕ್ಕಾ, ನಮ್ಮ ಕಡೆ ನೋಡೋದಕ್ಕೇನೂ ಇಲ್ಲ, ಬರೀ ಗಲಾಟೆ. ಊರು ನೋಡೋಕೆ ಬಂದೋರೆಲ್ಲ ಇಳಿಯೋದು ಪಾರ್ಕಿನ ಬಡಾವಣೆಯಲ್ಲೇ. ಅಲ್ಲೇ ರೂಮು ಹೇಳಿದ್ದೀನಿ. ಅಮ್ಮ ಬೆಳಿಗ್ಗೆ ಆರಾಮಾಗಿ ವಾಕಿಂಗ್ ಮಾಡಬಹುದು." ಊರು ನೋಡಲು ಬಂದವರಂತೆ! ಯಾವ ಊರು, ಯಾರಿಗೆ ಬೇಕಾಗಿತ್ತು? ಅಮ್ಮ ನೋಡಲು ಬಂದದ್ದು ಮೊಳದಷ್ಟು ಉದ್ದದ ಒಂದು ಜೀವವನ್ನು. ಹುಟ್ಟಿದಾಗಿನಿಂದ ಅಮ್ಮ ಒಂದು ದಿನವಾದರೂ ಕೆಲಸವಿಲ್ಲದೆ ಸುಮ್ಮನೆ ನಡೆದದ್ದನ್ನು ನೀನು ಕಂಡಿದ್ದೀಯಾ? ಆದರೂ ನಾನು ಹೂಂ ಎಂದೆ. ತಮ್ಮ ದೊಡ್ಡ ಊರಿನಲ್ಲಿರುವವನು, ಅವನಿಗೆ ಗೊತ್ತಿರುತ್ತದೆ ಎಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ನಿನ್ನ ಪಾರ್ಕಿನ ಬಡಾವಣೆಯ ವರ್ಣನೆ ಮಾಡುತ್ತೇನೆ ಕೇಳು. ರಸ್ತೆ ಎಷ್ಟು ಚೊಕ್ಕಟವೆಂದರೆ ನಮ್ಮ ಚಪ್ಪಲಿಗೇ ನಾಚಿಕೆಯಾಗಬೇಕು. ಸದ್ದಿಲ್ಲ, ಗದ್ದಲವಿಲ್ಲ, ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ. ನಾಯಿಗಳೂ ಮೆಲ್ಲಗೆ ಬೊಗಳುತ್ತವೆ. ಅಮ್ಮ ಬಸ್ಸಿನಿಂದ ಇಳಿದವಳೇ ಮಾಮೂಲಿನಂತೆ ತಲೆ ಎತ್ತಿ ಮಹಡಿಗಳನ್ನು ನೋಡಿದಳು. ಹೊಸ ಊರಿಗೆ ಹೋದರೆ ಅಮ್ಮ ಅಂಗಡಿ ನೋಡುವುದಿಲ್ಲ, ಮನೆ ನೋಡುವುದಿಲ್ಲ, ಯಾವ ಬೀದಿಯವರು ಹಾಸಿಗೆ ಬಿಸಿಲಿಗೆ ಹಾಕಿದ್ದಾರೆ ಎಂದು ನೋಡುತ್ತಾಳೆ, ನಿನಗೇ ಗೊತ್ತಲ್ಲ. ಹಾಸಿಗೆ ಒಣಗಿಸುವ ಬೀದಿಯಲ್ಲಿ ಕಣ್ಣು ಮುಚ್ಚಿ ಮನೆ ಮಾಡಬಹುದು ಎನ್ನುವುದು ಅವಳ ಲೆಕ್ಕ. ಇಲ್ಲಿ ಅಷ್ಟೊಂದು ಮಹಡಿಗಳಿದ್ದರೂ ಒಂದು ದಿಂಬಿನ ಗವಸು ಕೂಡ ಹೊರಗಿರಲಿಲ್ಲ. "ಇಲ್ಲಿನ ಜನ ಮಲಗಲ್ವೇನೇ?" ಎಂದು ಕೇಳಿದಳು. ಆಮೇಲೆ "ಕುರಿಮರಿ ಮನೆ ಯಾವ ಕಡೆ?" ಎಂದಳು. ನದಿಯಾಚೆ, ಎರಡು ಬಸ್ಸು ಬದಲಾಯಿಸಬೇಕು ಎಂದು ನಾನು ಹೇಳಿದಾಗ ಅವಳ ಮುಖ ಇಷ್ಟೇ ಇಷ್ಟಾಯಿತು. ಮರುಕ್ಷಣ "ಪರವಾಗಿಲ್ಲ, ಅವನು ಕರ್ಕೊಂಡು ಹೋಗ್ತಾನೆ" ಎಂದು ನನಗೇ ಸಮಾಧಾನ ಹೇಳಿದಳು.

ಸಂಜೆ ನೀನು ಬಂದೆ. ಬಾಗಿಲಲ್ಲೇ ನಿಂತೆ. ಕೂತ್ಕೊಳೋ ಎಂದರೆ ಬೇಡ ಎಂದೆ. ಫೋನಿನಲ್ಲಿ ಮಗುವಿನ ಫೋಟೊ ತೋರಿಸಿದೆ, ಅದು ಅಳುವ ವಿಡಿಯೊ ತೋರಿಸಿದೆ. ಅಮ್ಮ ಅದನ್ನು ಕಿವಿಯ ಹತ್ತಿರ ಇಟ್ಟುಕೊಂಡು ಮತ್ತೆ ಮತ್ತೆ ಕೇಳಿದಳು. ನಾಳೆ ಬಂದು ಕರ್ಕೊಂಡು ಹೋಗ್ತೀನಿ ಎಂದು ಹೊರಟುಹೋದೆ. ಮಾರನೆಯ ದಿನ "ಮಗುಗೆ ಸ್ವಲ್ಪ ಶೀತ" ಎಂದೆ. ಅದರ ಮಾರನೆಯ ದಿನ ನಿನ್ನ ಯಜಮಾನರು ರಜೆ ಕೊಡಲಿಲ್ಲ. ಆಮೇಲೆ "ಮ್ಯೂಸಿಯಂ ನೋಡಿ ಅಕ್ಕಾ, ತುಂಬಾ ಚೆನ್ನಾಗಿದೆ" ಎಂದೆ. ನೋಡಿದೆವಪ್ಪಾ, ಅದನ್ನೂ ನೋಡಿದೆವು. ಯಾವುದೋ ಕಾಲದ ರಾಜನ ಮಂಚದ ಮುಂದೆ ಅಮ್ಮ ಬಹಳ ಹೊತ್ತು ನಿಂತಳು. "ಪಾಪ, ಇವನಿಗೂ ಯಾರೋ ಮೋಸ ಮಾಡಿದಾರೆ, ನಡುವೆ ಹತ್ತೀನೇ ತುಂಬಿಲ್ಲ" ಎಂದಳು. ಕಾವಲಿನವನು ಹಗ್ಗ ದಾಟಬೇಡಿ ಎಂದು ಗದರಿದ. ನಿನ್ನ ಊರು ಅಮ್ಮನನ್ನು ಉಪಚರಿಸಿದ ರೀತಿ ಇದು.

ಇನ್ನು ಆ ಲಾಡ್ಜಿನಿಂದ ನಮ್ಮನ್ನು ಓಡಿಸಿದ ಕಥೆ. ನೀನು ಅರ್ಧ ಕೇಳಿ ಫೋನಿಟ್ಟೆ, ಪೂರ್ತಿ ಈಗ ಓದು. ಮೇಲೆ ಕಣ್ಣು ಕುಕ್ಕುವ ಬಿಳಿ ಚಾದರ, ಒಳಗೆ ಯಾವ ಕಾಲದ್ದೋ ಹತ್ತಿ, ಗಂಟು ಗಂಟು. ಮಲಗಿದರೆ ಸೊಂಟಕ್ಕೆ ಕಲ್ಲಿಟ್ಟ ಹಾಗೆ. ದಿನಾ ಬೆಳಿಗ್ಗೆ ಅಮ್ಮ ಎದ್ದು ಹಾಸಿಗೆಯನ್ನು ಒತ್ತಿ ಒತ್ತಿ ನೋಡಿ ತಲೆ ಆಡಿಸುತ್ತಿದ್ದಳು. ನಿನ್ನೆ ನಾನು ಕೆಳಗೆ ಚಹಾ ತರಲು ಹೋದವಳು ವಾಪಸು ಬರುವಷ್ಟರಲ್ಲಿ ಹಾಸಿಗೆಯ ಹೊಲಿಗೆ ಬಿಚ್ಚಿ, ಹತ್ತಿಯನ್ನೆಲ್ಲ ಬಾಲ್ಕನಿಯಲ್ಲಿ ಹರಡಿ, ಪರದೆಯ ಕೋಲು ಕಿತ್ತು ಬಡಿಯುತ್ತಾ ಕೂತಿದ್ದಳು! ಅಷ್ಟು ದಿನಗಳ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಕಳೆ ಬಂದಿತ್ತು ಕಣೋ. ಹತ್ತಿ ಹಾರಿ ಹಾರಿ ಕೆಳಗಿನ ಅಂಗಳಕ್ಕೆ ಇಳಿಯುತ್ತಿತ್ತು. ಅಲ್ಲಿ ಕೂತು ತಿಂಡಿ ತಿನ್ನುತ್ತಿದ್ದವರ ಕಾಫಿಯೊಳಗೆ, ಒಬ್ಬ ದೊಡ್ಡ ಮನುಷ್ಯನ ಮೀಸೆಯೊಳಗೆ, ಒಬ್ಬಾಕೆಯ ನಾಯಿಯ ಮೈಮೇಲೆ. ಮ್ಯಾನೇಜರು ಏದುಸಿರು ಬಿಡುತ್ತಾ ಬಂದು "ಏನಮ್ಮಾ ಇದು!" ಎಂದ. ಅಮ್ಮ ಕೋಲು ಕೆಳಗಿಡದೆ "ಮಧ್ಯಾಹ್ನದೊಳಗೆ ಹೊಲಿದು ಕೊಡ್ತೀನಿ, ಪಕ್ಕದ ರೂಮಿಂದೂ ತನ್ನಿ, ಅದೂ ಹೀಗೇ ಇರುತ್ತೆ" ಎಂದಳು. ಅವಳು ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಅವನು ಮಾತ್ರ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು, ಹಾಸಿಗೆ ಹೊಲಿದು ಮುಗಿಯುವವರೆಗೂ ಕಾವಲು ನಿಂತು, ಆಮೇಲೆ ಕೈ ಮುಗಿದು ಬೇರೆ ಕಡೆ ನೋಡಿಕೊಳ್ಳಿ ಎಂದ. ಹಾಸಿಗೆಯನ್ನಂತೂ ಒತ್ತಿ ನೋಡಿದ. ಚೆನ್ನಾಗಿದೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಪೆಟ್ಟಿಗೆ ಗಂಟು ಹಿಡಿದು ಬೀದಿಯಲ್ಲಿ ನಿಂತು ನಿನಗೆ ಫೋನು ಮಾಡಿದೆ. ನಾನು ಏನು ಕೇಳಿದೆ, ನೀನು ಏನು ಹೇಳಿದೆ, ಒಂದು ಸಲ ನೆನಪು ಮಾಡಿಕೋ. ಲಾಡ್ಜಿನವರು ಓಡಿಸಿದರು, ಅಮ್ಮ ರಸ್ತೆಯಲ್ಲಿದ್ದಾಳೆ ಎಂದೆ. ನೀನು "ಸ್ಟೇಷನ್ ಹತ್ರ ಒಂದು ಒಳ್ಳೆ ಲಾಡ್ಜಿದೆ ಅಕ್ಕಾ" ಎಂದೆ. ಥೂ! ಮೈಯೆಲ್ಲ ಉರಿದುಹೋಯಿತು. ಮನೆಗೆ ಬನ್ನಿ ಎನ್ನಲು ಏನು ಕಷ್ಟವಾಗಿತ್ತು ನಿನಗೆ? ದಿನಾ ಕಂಡವರ ಬಾಯಿಗೆ ಹಲ್ಲು ಕೂರಿಸುತ್ತೀಯ, ನಿನ್ನ ಬಾಯಿಂದ ಆ ಒಂದು ಮಾತು ಹೊರಡಲಿಲ್ಲ. ನೆಲದ ಮೇಲೆ ಮಲಗುತ್ತಿದ್ದೆವು. ಅಡುಗೆಮನೆಯಲ್ಲಿ ಮುದುಡಿಕೊಳ್ಳುತ್ತಿದ್ದೆವು. ಬೇಡ, ಮಗುವನ್ನು ಒಂದು ಸಲ ನೋಡಿ ಅದೇ ಸಂಜೆಯ ರೈಲಿಗೆ ವಾಪಸಾಗುತ್ತಿದ್ದೆವು.

ಪಾರ್ಕಿನ ಗೇಟಿನ ಹತ್ತಿರ ಬೆಂಚಿನ ಮೇಲೆ ಕೂತು ಮುಂದೆ ಎಲ್ಲಿಗೆ ಎಂದು ಯೋಚನೆ ಮಾಡಿದೆವು. ಊರು ನೋಡುವವರಿಗೆಂದು ಲಾಡ್ಜಿನಲ್ಲಿ ಕೊಟ್ಟ ನಕ್ಷೆ ನನ್ನ ಚೀಲದಲ್ಲಿತ್ತು. ಸ್ಟೇಷನ್ನಿನ ಬಡಾವಣೆಗೆ ಹೋದೆವು. ಅಲ್ಲಿ ಗಂಟೆ ಲೆಕ್ಕದಲ್ಲಿ ರೂಮು ಕೊಡುತ್ತಾರೆ. ಬಾಗಿಲು ತೆರೆದದ್ದೇ ಅಮ್ಮ ಮೂಗು ಮುಚ್ಚಿಕೊಂಡು "ಈ ಹಾಸಿಗೆ ಬಿಸಿಲು ಕಂಡೇ ಇಲ್ಲ" ಎಂದು ಹಿಂದಕ್ಕೆ ತಿರುಗಿದಳು. ಮಾರ್ಕೆಟ್ಟಿನ ಬಡಾವಣೆ ನನಗೆ ಹಿಡಿಸಿತು. ಬಟ್ಟೆ ಅಂಗಡಿಗಳು, ದಾರದ ಅಂಗಡಿಗಳು, ಜನ ಬಾಯ್ತುಂಬ ಮಾತಾಡುತ್ತಾರೆ, ಮಹಡಿಗಳಲ್ಲಿ ಹಾಸಿಗೆಗಳೂ ಇದ್ದವು. ಇಲ್ಲೇ ಇಳಿಯೋಣ ಎಂದೆ. ಅಮ್ಮ ನಕ್ಷೆಯನ್ನು ತಲೆಕೆಳಗಾಗಿ ಹಿಡಿದುಕೊಂಡು "ಇದರಲ್ಲಿ ಕುರಿಮರಿ ಬೀದಿ ಎಲ್ಲಿದೆ ತೋರಿಸು" ಎಂದು ಹಟ ಹಿಡಿದಳು. ಎಲ್ಲಿ ತೋರಿಸಲಿ? ನಕ್ಷೆ ನದಿಗೇ ಮುಗಿದುಹೋಗಿದೆ. ನದಿಯಾಚೆ ನಿನ್ನ ಬಡಾವಣೆ ಇರಬೇಕಾದ ಜಾಗದಲ್ಲಿ ಬೂಟಿನ ಅಂಗಡಿಯ ಜಾಹೀರಾತು ಹಾಕಿದ್ದಾರೆ. ನೋಡುವಂಥದ್ದೇನೂ ಇಲ್ಲ ಎಂದು ನೀನು ಹೇಳಿದ್ದು ನಿಜವೇ ಇರಬೇಕು. "ಹಾಗಾದ್ರೆ ಆ ಬೂಟಿನ ಹತ್ರಾನೇ ಹೋಗೋಣ, ನಡಿ" ಎಂದು ಅಮ್ಮ ಎದ್ದೇಬಿಟ್ಟಳು.

ಬಸ್ಸಿನಲ್ಲಿ ನಾನು ನಿನ್ನ ಹೆಂಡತಿಗೆ ಬೈದೆ, ಸುಳ್ಳು ಹೇಳುವುದಿಲ್ಲ. ಅವಳ ತಾಯಿಗೂ ಬೈದೆ. ಅವರ ಅಮ್ಮ ಮನೆಯೊಳಗೆ ಇರಬಹುದು, ನಮ್ಮ ಅಮ್ಮ ಬೀದಿಯಲ್ಲಿರಬೇಕಾ ಎಂದೆ. ಹಾಸಿಗೆ ಹೊಲಿಯುವವರ ಮನೆಯಿಂದ ಬಂದವನು ಎಂದು ಹೇಳಿಕೊಳ್ಳಲು ನಿನಗೆ ನಾಚಿಕೆ ಎಂದೂ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು, ನೋಡಲಿ ಎಂದು ಇನ್ನೂ ಜೋರಾಗಿ ಹೇಳಿದೆ. ಅಮ್ಮ ಕಿಟಕಿಯಾಚೆ ನೋಡುತ್ತಿದ್ದವಳು ತಿರುಗದೆಯೇ "ಅವಳನ್ನ ಬೈಬೇಡ. ಫೋನಲ್ಲಿ ಮಗು ಅಳೋದು ಕೇಳಿಲ್ವಾ ನೀನು? ಅಳು ಮುಗಿಯೋ ಹೊತ್ತಿಗೆ ಎದೇಲಿ ಸೀಟಿ ಹೊಡೆಯುತ್ತೆ. ನಿಮ್ಮಪ್ಪಂಗೆ ಹೊಡೀತಿತ್ತಲ್ಲ, ಹಾಗೇ" ಎಂದಳು. ಆಮೇಲೆ ನಿಧಾನವಾಗಿ ಉಳಿದದ್ದನ್ನೂ ಹೇಳಿದಳು. ನೀನು ಲಾಡ್ಜಿಗೆ ಬಂದ ಸಂಜೆ, ಹೊರಡುವಾಗ ಅವಳು ನಿನ್ನ ಬೆನ್ನು ಸವರಿದಳಂತೆ. ನೀನು ಮೆಟ್ಟಿಲ ಹತ್ತಿರ ಹೋಗಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಅಂಗಿ ಬಿಚ್ಚಿ ಕೊಡವಿ ಹಾಕಿಕೊಂಡೆಯಂತೆ. ಅವಳು ಬಾಗಿಲ ಸಂದಿನಿಂದ ನೋಡುತ್ತಿದ್ದಳು. "ಹತ್ತಿ ಧೂಳು ಸೋಕಬಾರದು ಅಂತ ಡಾಕ್ಟರು ಹೇಳಿರ್ತಾರೆ. ನಂಗೆ ಹೇಳೋಕೆ ಅವನಿಗೆ ಬಾಯಿ ಬಂದಿಲ್ಲ, ಪಾಪ" ಎಂದಳು.

ಪಾಪವಂತೆ! ಅಮ್ಮನಿಗೆ ನೀನು ಪಾಪ. ನನಗೆ ಮಾತ್ರ ಅದನ್ನು ಕೇಳಿ ಮೊದಲಿಗಿಂತ ಎರಡರಷ್ಟು ಕೋಪ ಬಂತು. ನಾಚಿಕೆಪಟ್ಟಿದ್ದರೆ ಎರಡು ಬಾರಿಸಿ ಬುದ್ಧಿ ಹೇಳಬಹುದಿತ್ತು. ಇದಕ್ಕೆ ಏನು ಮಾಡಲಿ? ಅಮ್ಮನಿಗೆ ಗೊತ್ತಿರುವುದಿಲ್ಲ ಎಂದುಕೊಂಡೆಯಾ? ಊರಿಗೆಲ್ಲ ಹಾಸಿಗೆ ಮಾಡಿಕೊಟ್ಟ ಅಪ್ಪ ಕೊನೆಯ ಚಳಿಗಾಲವನ್ನು ಮಲಗಲಾಗದೆ ಕುರ್ಚಿಯಲ್ಲಿ ಕೂತೇ ಕಳೆದ. ಅವನ ಎದೆ ಸವರುತ್ತಾ ಕೂತವಳು ಅವಳು. ಆ ಧೂಳು ಏನು ಮಾಡುತ್ತದೆ ಎಂದು ನಿನ್ನ ಯಾವ ಡಾಕ್ಟರೂ ಅವಳಿಗೆ ಹೇಳಿಕೊಡಬೇಕಾಗಿಲ್ಲ. ಗೊತ್ತಿದ್ದೂ ನಮ್ಮ ಹೊಟ್ಟೆ ತುಂಬಿಸಲು ಮತ್ತೆ ಅದೇ ಹತ್ತಿಯ ಮುಂದೆ ಕೂತಳು. ನಿನ್ನ ಓದೂ ಅದರಲ್ಲೇ ಆಯಿತು. ಊರಲ್ಲಿರುವಾಗಲೇ ಫೋನಿನಲ್ಲಿ "ಅಮ್ಮಾ, ಮಗುಗೆ ಉಸಿರಿನ ತೊಂದರೆ, ಹೀಗ್ಹೀಗೆ" ಎಂದಿದ್ದರೆ ಅವಳು ಹೊಸ ಬಟ್ಟೆ ಉಟ್ಟು, ತಲೆ ತೊಳೆದು, ನಿನ್ನ ಹೊಸ್ತಿಲಾಚೆ ಕೂತಿರುತ್ತಿದ್ದಳು. ನಿನ್ನ ಮಗುವಿನ ಕಷ್ಟದಲ್ಲಿ ಪಾಲು ಕೇಳುತ್ತಿದ್ದಳೇ ಹೊರತು ನಿನ್ನ ಮೇಲೆ ಮುನಿಸಿಕೊಳ್ಳುತ್ತಿರಲಿಲ್ಲ. ನೀನು ಅವಳಿಗೆ ಪಾರ್ಕು ಕೊಟ್ಟೆ. ಮ್ಯೂಸಿಯಂ ಕೊಟ್ಟೆ. ಅವಳ ಮನಸ್ಸು ನೋಯಬಾರದು ಎಂದು ಅವಳನ್ನು ಊರಾಚೆ ಇಟ್ಟೆ. ನಿನ್ನ ಹೆಂಡತಿಗೂ ಇದೆಲ್ಲ ಗೊತ್ತಿದ್ದು ಸುಮ್ಮನಿದ್ದಾಳೋ, ಅವಳಿಗೂ ಏನೋ ಕಥೆ ಕಟ್ಟಿ ಹೇಳಿದ್ದೀಯೋ, ನನಗೆ ಗೊತ್ತಿಲ್ಲ. ಬಸ್ಸಿನಲ್ಲಿ ಬೈದದ್ದಕ್ಕೆ ಮಾತ್ರ ಅವಳಿಗೆ ನನ್ನ ಕಡೆಯಿಂದ ಒಂದು ಒಳ್ಳೆಯ ಮಾತು ಹೇಳು.

ಮಗುವಿಗೆಂದು ಅಮ್ಮ ಒಂದು ಪುಟ್ಟ ಹಾಸಿಗೆ ಹೊಲಿದು ತಂದಿದ್ದಳು. ನಿನಗೆ ತೋರಿಸಲಿಲ್ಲ, ಮಗುವಿನ ಕೆಳಗೇ ಹಾಸಿ ತೋರಿಸಬೇಕು ಎಂದು ಇಟ್ಟುಕೊಂಡಿದ್ದಳು. ಬೀಜದ ಚೂರೂ ಉಳಿಯದ ಹಾಗೆ ಬೆರಳಲ್ಲೇ ಆರಿಸಿದ ಹತ್ತಿ. ರೈಲಿನುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು, ನನಗೆ ಮುಟ್ಟಲು ಕೊಡಲಿಲ್ಲ. ನಿನ್ನೆ ನಾವು ಹೊಸ ಜಾಗಕ್ಕೆ ಬಂದ ಮೇಲೆ ಮೊದಲು ಮಾಡಿದ ಕೆಲಸವೆಂದರೆ ಅದನ್ನು ಮನೆಯೊಡತಿಗೆ ಕೊಟ್ಟದ್ದು. ಅವಳು ಕೆಳಗೆ ಇಸ್ತ್ರಿ ಅಂಗಡಿ ಇಟ್ಟಿದ್ದಾಳೆ, ಒಳ್ಳೆಯ ಹೆಂಗಸು, ಅವಳ ತಪ್ಪೇನೂ ಇಲ್ಲ. ಅವಳಿಗೆ ಚಿಕ್ಕ ಮಕ್ಕಳೂ ಇಲ್ಲ. ಎರಡು ಮಡಿಕೆ ಮಾಡಿ ಕುರ್ಚಿಗೆ ಹಾಕಿಕೊಂಡಳು. ನಿನ್ನ ಮಗಳ ಹಾಸಿಗೆಯ ಮೇಲೆ ಈಗ ಇಸ್ತ್ರಿ ಅಂಗಡಿಯಾಕೆ ಕೂತಿದ್ದಾಳೆ ಕಣೋ. ಆಮೇಲೆ ಅಮ್ಮ ನಮ್ಮಿಬ್ಬರ ಬಟ್ಟೆಗಳನ್ನೂ ಆಕೆಯ ಹಂಡೆಯ ಕುದಿಯುವ ನೀರಿಗೆ ಹಾಕಿಸಿದಳು. ಚೀಲದ ಹೊಲಿಗೆಯ ಸಂದಿನಲ್ಲಿ ಅಂಟಿಕೊಂಡಿದ್ದ ಎಳೆಗಳನ್ನು ಒಂದೊಂದಾಗಿ ಸೂಜಿಯಲ್ಲಿ ಕಿತ್ತಳು. ತಲೆಯನ್ನು ಎಷ್ಟು ಸಲ ತೊಳೆದಳೋ, ಕೊನೆಗೆ ನಾನೇ ಸಾಕು ಬಾ ಎಂದು ಎಳೆದುಕೊಂಡು ಬಂದೆ. ಮನೆಯೊಡತಿಯ ಹಳೆಯ ಉಡುಪು ತೊಟ್ಟುಕೊಂಡಿದ್ದಾಳೆ, ತೋಳು ಉದ್ದವಾಗಿದೆ, ಮೇಲೆ ಮಡಚಿ ಪಿನ್ನು ಹಾಕಿದ್ದೇನೆ.

ಇಷ್ಟು ಬರೆದ ಮೇಲೂ ನನ್ನ ಕೋಪ ಇಳಿದಿಲ್ಲ, ಇಳಿಯುತ್ತದೆ ಎಂದು ಕಾಯಬೇಡ. ಊರಿಗೆ ಹೋದ ಮೇಲೆ ಫೋನು ಮಾಡಿ ಇನ್ನೂ ಬೈಯುವುದಿದೆ. ಮಗುವನ್ನು ಯಾವ ಡಾಕ್ಟರಿಗೆ ತೋರಿಸುತ್ತಿದ್ದೀಯ, ಏನು ಹೇಳಿದರು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆ. ಹೆಂಡತಿಯನ್ನು ಚೆನ್ನಾಗಿ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಅತ್ತೆಯವರಿಗೆ ನಮಸ್ಕಾರ ತಿಳಿಸು. ಮಗಳು ನೂರು ವರ್ಷ ಬಾಳಲಿ, ಅವಳ ಎದೆ ಗಟ್ಟಿಯಾಗಲಿ, ಗಂಟಲು ನನ್ನ ಹಾಗೆ ಬೀದಿಗೆಲ್ಲ ಕೇಳುವಂತಿರಲಿ. ಅಮ್ಮ ನಿನಗೆ ಮುತ್ತು ಬರೆ ಎಂದಳು. ನನಗೆ ಮನಸ್ಸಿಲ್ಲ, ಆದರೂ ಬರೆದಿದ್ದೇನೆ.

ಸಿಟ್ಟಿನಲ್ಲೇ ಇರುವ,
ನಿನ್ನ ಅಕ್ಕ

ಮರೆತಿದ್ದೆ: ಈ ಕಾಗದಕ್ಕೆ ಅಂಚೆಚೀಟಿ ಇಲ್ಲ ಎಂದು ಗಾಬರಿಯಾಗಬೇಡ. ನಿಮ್ಮ ಕಟ್ಟಡದ ಕೆಳಗಿನ ಡಬ್ಬಿಗೆ ನಾನೇ ಬಂದು ಹಾಕುತ್ತೇನೆ. ನಿನ್ನ ಬೀದಿಯಲ್ಲಿ ಎಲ್ಲರೂ ಹಾಸಿಗೆ ಬಿಸಿಲಿಗೆ ಹಾಕುತ್ತಾರೆ, ಅಮ್ಮನಿಗೆ ಬಹಳ ಹಿಡಿಸಿದೆ. ಇಸ್ತ್ರಿ ಅಂಗಡಿ ನಿಮ್ಮ ಮನೆಯ ಎದುರಿಗೇ ಇರುವುದು. ಅದರ ಮೇಲೆ, ಪರದೆ ಇಲ್ಲದ ಕಿಟಕಿ ನಮ್ಮದು. ಬೆಳಕು ಹರಿದಾಗಿನಿಂದ ಅಮ್ಮ ಅಲ್ಲೇ ನಿಂತಿದ್ದಾಳೆ. ಚಹಾ ತಣ್ಣಗಾಯಿತು, ಕುಡಿದಿಲ್ಲ. ನಿಮ್ಮ ಮನೆಗೆ ತಾನು ಬರುವುದಿಲ್ಲವಂತೆ, ನಾನೂ ಹೋಗಕೂಡದಂತೆ, ಆಣೆ ಹಾಕಿಸಿಕೊಂಡಿದ್ದಾಳೆ. ಮಗುವನ್ನು ಎತ್ತಿಕೊಂಡು ಒಂದು ನಿಮಿಷ ಕಿಟಕಿಯ ಹತ್ತಿರ ಬಾ. ಗಾಜು ಮಾತ್ರ ತೆಗೆಯಬಾರದು ಎಂದು ಬರೆಯಲು ಹೇಳಿದಳು. ಬೀದಿಯಲ್ಲಿ ಧೂಳಿದೆಯಂತೆ.